ಸಮುದ್ರದ ಕೇಬಲ್ಲೂ ಹನುಮಂತನಗರದ ಲೈಟ್ ಕಂಬವೂ

2025ರ ಸೆಪ್ಟೆಂಬರ್ ಮೊದಲ ವಾರ ಕೆಂಪು ಸಮುದ್ರದಲ್ಲಿ, ಸೌದಿಯ ಜೆಡ್ಡಾ ಹತ್ತಿರ, ಸೀ-ಮೀ-ವೀ 4 ಮತ್ತು ಐಎಂಇಡಬ್ಲ್ಯೂಇ ಎಂಬ ಎರಡು ಕೇಬಲ್‌ಗಳು ಕೆಟ್ಟವು. ಎರಡೂ ಮುಂಬೈ ಮುಟ್ಟಿ ಹೋಗುವಂಥವು. ಇಂಥ ಸುದ್ದಿ ಟೀವಿಯಲ್ಲಿ ಬಂದ ವಾರ ಬೆಂಗಳೂರಿನ ಹನುಮಂತನಗರದಂಥ ಬಡಾವಣೆಗಳಲ್ಲಿ ನೆಟ್ ನಿಂತರೆ ಕಾರಣ ಹುಡುಕುವ ಕಷ್ಟವೇ ಇರುವುದಿಲ್ಲ. "ಸಮುದ್ರದಲ್ಲಿ ಕಟ್ ಆಗಿದ್ಯಂತೆ ಕಣ್ರೀ" ಎಂದರೆ ಮುಗಿಯಿತು.

ಹಾಗೆ ಹೇಳುವ ಮೊದಲು ಗೋಡೆಗೆ ಹೊಡೆದಿರುವ ಫೈಬರ್ ಡಬ್ಬಿಯನ್ನೊಮ್ಮೆ ನೋಡಬೇಕು. ಅದರಲ್ಲಿ ಎಲ್‌ಓಎಸ್ ಎಂದು ಬರೆದ ಪುಟ್ಟ ದೀಪವಿರುತ್ತದೆ. ಅದು ಕೆಂಪಗೆ ಮಿಣುಕುತ್ತಿದ್ದರೆ, ಕಂಪನಿಯ ಕೇಂದ್ರದಿಂದ ಬರಬೇಕಾದ ಬೆಳಕು ಮನೆ ಮುಟ್ಟುತ್ತಿಲ್ಲ ಎಂದರ್ಥ. ಆ ಕೇಂದ್ರ ಇರುವುದು ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ. ಜೆಡ್ಡಾದಲ್ಲಿ ಏನೇ ಆದರೂ ಈ ದೀಪಕ್ಕೆ ಗೊತ್ತಾಗುವುದಿಲ್ಲ. ಕೆಂಪು ದೀಪದ ಕಾರಣ ಸಾಮಾನ್ಯವಾಗಿ ಅದೇ ಬೀದಿಯಲ್ಲಿ ಇರುತ್ತದೆ: ಮಳೆಮರದ ಕೊಂಬೆ ಬಿದ್ದಿರಬಹುದು, ಜೆಸಿಬಿ ಚರಂಡಿ ತೋಡಿರಬಹುದು, ಕಂಬಕ್ಕೆ ಜೋತುಬಿದ್ದ ಕೇಬಲ್‌ಗಳನ್ನು ಪಾಲಿಕೆಯವರೋ ಬೆಸ್ಕಾಂನವರೋ ಕತ್ತರಿಸಿರಬಹುದು. ಬೆಂಗಳೂರಿನ ಫುಟ್‌ಪಾತಿನಲ್ಲಿ ತಲೆ ತಗ್ಗಿಸಿಕೊಂಡು ನಡೆದವರಿಗೆ ಈ ಕೇಬಲ್‌ಗಳ ಪರಿಚಯ ಮಾಡಿಕೊಡಬೇಕಾಗಿಲ್ಲ.

ಕಡಲ ಕೇಬಲ್ ನಿಜವಾಗಿಯೂ ತುಂಡಾದಾಗ ಕಾಣುವ ಲಕ್ಷಣವೇ ಬೇರೆ. ನೆಟ್ ಇರುತ್ತದೆ, ಆದರೆ ಯುರೋಪಿನಲ್ಲಿರುವ ಮಗಳ ಜೊತೆಗಿನ ವಿಡಿಯೋ ಕರೆ ತಡವರಿಸುತ್ತದೆ. ಕೆಲವು ವಿದೇಶಿ ಜಾಲತಾಣಗಳು ತೆವಳುತ್ತವೆ. ಆ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಅಜ್ಯೂರ್ ಕ್ಲೌಡ್ ಸೇವೆಯ ಗ್ರಾಹಕರಿಗೆ ಹೇಳಿದ್ದೂ ಇಷ್ಟೇ: ಮಧ್ಯಪ್ರಾಚ್ಯ ಹಾಯ್ದು ಹೋಗುವ ದಟ್ಟಣೆ ತಡವಾಗಬಹುದು. ಸೇವೆ ನಿಲ್ಲುತ್ತದೆ ಎಂದು ಹೇಳಿರಲಿಲ್ಲ. ಒಂದು ದಾರಿ ಮುಚ್ಚಿದರೆ ಮಾಹಿತಿ ಇನ್ನೊಂದು ದಾರಿ ಹಿಡಿಯುತ್ತದೆ, ಪಶ್ಚಿಮಕ್ಕೆ ಆಗದಿದ್ದರೆ ಚೆನ್ನೈಯಿಂದ ಸಿಂಗಪುರದ ಕಡೆ ತಿರುಗುತ್ತದೆ. ಭಾರತಕ್ಕೆ ಬರುವ ಅಂತರರಾಷ್ಟ್ರೀಯ ಕೇಬಲ್‌ಗಳು 17, ಅವು ದಡ ಹತ್ತುವ ಕೇಂದ್ರಗಳು 14 ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಲೆಕ್ಕ ಕೊಟ್ಟಿತ್ತು. ಮನೆಗೆ ಬರುವ ಫೈಬರ್ ಮಾತ್ರ ಒಂದೇ ಎಳೆ.

ಎಲ್ಲಕ್ಕೂ ಕಡಲ ಕೇಬಲ್ಲೇ ಕಾರಣ ಎಂಬುದಕ್ಕೆ ಪೂರ್ತಿ ವಿರುದ್ಧದ ಇನ್ನೊಂದು ನಂಬಿಕೆಯೂ ಅಷ್ಟೇ ಗಟ್ಟಿಯಾಗಿದೆ: ಇಂಟರ್ನೆಟ್ ಬರುವುದು ಉಪಗ್ರಹದಿಂದ. ಬೆಂಗಳೂರಿನವರು ಇದನ್ನು ನಂಬಿದ್ದರಲ್ಲಿ ತಪ್ಪೂ ಇಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆದಾಗ ಅಮೆರಿಕಕ್ಕೆ ಕೆಲಸ ಕಳಿಸಲು ನೆಚ್ಚಿಕೊಂಡದ್ದು ಉಪಗ್ರಹವನ್ನೇ. ತೊಂಬತ್ತರ ದಶಕದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯ ಸಾಫ್ಟ್‌ವೇರ್ ಹೊರಹೋದದ್ದೂ ಸರ್ಕಾರಿ ಸಾಫ್ಟ್‌ವೇರ್ ಪಾರ್ಕ್ ಸಂಸ್ಥೆ ಎಸ್‌ಟಿಪಿಐನ ದೊಡ್ಡ ಡಿಶ್‌ಗಳ ಮೂಲಕ. ನಗರದ ಹೆಸರು ಬೆಳೆದದ್ದೇ ಆಕಾಶದ ದಾರಿಯಲ್ಲಿ. ದಾರಿ ಬದಲಾದದ್ದು ಆಮೇಲೆ. 2002ರಲ್ಲಿ ಭಾರ್ತಿ ಮತ್ತು ಸಿಂಗ್‌ಟೆಲ್ ಸೇರಿ ಹಾಕಿಸಿದ ಐ2ಐ ಕೇಬಲ್ ಚೆನ್ನೈಯನ್ನು ಸಿಂಗಪುರಕ್ಕೆ ಜೋಡಿಸಿತು. ಸುಮಾರು 3,200 ಕಿ.ಮೀ. ಉದ್ದ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಅಂದರೆ ಸಿಂಗಪುರ ಮುಟ್ಟಲು ಸೆಕೆಂಡಿನ ಸಾವಿರ ಭಾಗಗಳಲ್ಲಿ ಹದಿನಾರು ಸಾಕು. ಹಳೆಯ ಮಾದರಿಯ ಸಂಪರ್ಕ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ, ಮೇಲೆ ಹತ್ತಿ ಇಳಿಯುವುದಕ್ಕೇ ಕಾಲು ಸೆಕೆಂಡು, ಉತ್ತರ ಬರಲು ಮತ್ತೆ ಕಾಲು. ಇಂದು ಖಂಡದಿಂದ ಖಂಡಕ್ಕೆ ಹೋಗುವ ಮಾಹಿತಿಯಲ್ಲಿ ಶೇ. 95ಕ್ಕೂ ಹೆಚ್ಚು ಪಾಲು ಕಡಲ ತಳದಲ್ಲೇ ಸಾಗುತ್ತದೆ. ಸ್ಟಾರ್‌ಲಿಂಕ್‌ನಂಥ ತಗ್ಗಿನ ಉಪಗ್ರಹಗಳು ಬೇಗ ಉತ್ತರಿಸುತ್ತವೆ ನಿಜ, ಆದರೆ ಕಡಲ ಕೇಬಲ್‌ಗಳೆಲ್ಲ ಸೇರಿ ಹೊರುವಷ್ಟು ಹೊರೆ ಹೊರುವ ಶಕ್ತಿ ಅವಕ್ಕಿಲ್ಲ.

ಉಪಗ್ರಹವೊಂದೇ ಇದ್ದರೆ ಬದುಕು ಹೇಗಿರುತ್ತದೆ ಎಂಬುದನ್ನು ಪೋರ್ಟ್ ಬ್ಲೇರ್‌ನವರನ್ನು ಕೇಳಬೇಕು. ಚೆನ್ನೈಯಿಂದ ಅಂಡಮಾನಿಗೆ ಸುಮಾರು 2,300 ಕಿ.ಮೀ. ಕೇಬಲ್ ಉದ್ಘಾಟನೆಯಾದದ್ದು 2020ರ ಆಗಸ್ಟ್ 10ರಂದು. ಅಲ್ಲಿಯವರೆಗೆ ಆ ಊರಿಗೆ ಉಪಗ್ರಹವೇ ಗತಿ. ಲಕ್ಷದ್ವೀಪಕ್ಕೆ ಕೇಬಲ್ ಬಂದದ್ದು ಇನ್ನೂ ತಡವಾಗಿ, 2024ರ ಜನವರಿಯಲ್ಲಿ, ಕೊಚ್ಚಿಯಿಂದ. ಲಕ್ಷದ್ವೀಪದ ಜನ ತಲೆಮಾರುಗಳಿಂದ ಸಾಮಾನು ಸರಂಜಾಮಿಗೆ ಬರುತ್ತಿದ್ದದ್ದು ಮಂಗಳೂರಿನ ಹಳೇ ಬಂದರಿಗೂ ಹೌದು, ಆದರೆ ಕೇಬಲ್ ಮಂಗಳೂರಿಗೆ ಬರಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಸಮುದ್ರದ ಕೇಬಲ್ ಎಂದರೆ ಮೆಟ್ರೋ ಸುರಂಗದಷ್ಟು ದಪ್ಪದ್ದು ಎಂದು ಊಹಿಸಿಕೊಂಡವರೂ ಇದ್ದಾರೆ. ಆಳ ಸಮುದ್ರದಲ್ಲಿ ಅದು ಕೈತೋಟಕ್ಕೆ ನೀರು ಬಿಡುವ ಪೈಪಿನಷ್ಟೇ ದಪ್ಪ. ಒಳಗಿರುವ ಗಾಜಿನ ಎಳೆಗಳು ಕೂದಲಿನಷ್ಟು ಸಣ್ಣ. ಉಳಿದದ್ದೆಲ್ಲ ಉಕ್ಕು, ತಾಮ್ರ, ಪ್ಲಾಸ್ಟಿಕ್ಕಿನ ಹೊದಿಕೆ. ದಡ ಹತ್ತಿರವಾದಂತೆ ಉಕ್ಕಿನ ತಂತಿಯ ಕವಚ ಸೇರಿ ದಪ್ಪವಾಗುತ್ತದೆ, ನೇಗಿಲಿನಂಥ ಯಂತ್ರ ಅದನ್ನು ತಳದ ಮಣ್ಣಿನಲ್ಲಿ ಹೂಳುತ್ತದೆ. ಆಳದಲ್ಲಿ ಹೂಳುವುದಿಲ್ಲ, ಸುಮ್ಮನೆ ಮಲಗಿಸಿ ಬಿಡುತ್ತಾರೆ. ಆ ತಾಮ್ರದಲ್ಲಿ ಹರಿಯುವುದು ಕರೆಂಟು. ಗಾಜಿನಲ್ಲಿ ಬೆಳಕು ಮಾತ್ರ ಹರಿಯುವುದು, ಕರೆಂಟು ಯಾಕೆ ಎಂದು ಕೇಳಬಹುದು. ದಾರಿಯಲ್ಲಿ ಬೆಳಕು ಸೊರಗುತ್ತದೆ. ಅದಕ್ಕೆ ಮತ್ತೆ ಬಲ ತುಂಬುವ ರಿಪೀಟರ್‌ಗಳನ್ನು 50ರಿಂದ 100 ಕಿ.ಮೀ.ಗೊಂದರಂತೆ ಕೂಡಿಸಿರುತ್ತಾರೆ. ಅವಕ್ಕೆ ದಡದಿಂದಲೇ ಸಾವಿರಾರು ವೋಲ್ಟಿನ ವಿದ್ಯುತ್ತು ಹೋಗುತ್ತದೆ.

ಶಾರ್ಕ್ ಕಚ್ಚುವ ಕತೆ ಪೂರ್ತಿ ಸುಳ್ಳಲ್ಲ. ಎಂಬತ್ತರ ದಶಕದಲ್ಲಿ ಕೆನರಿ ದ್ವೀಪಗಳ ಹತ್ತಿರ ಹಾಗಾಗಿತ್ತು. ಆದರೆ ಈಗ ಅದು ಲೆಕ್ಕಕ್ಕೇ ಬರುವುದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 150ರಿಂದ 200 ಸಲ ಕೇಬಲ್ ಕೆಡುತ್ತದೆ, ಮುಕ್ಕಾಲು ಪಾಲು ತಪ್ಪು ಮೀನುಗಾರರ ಬಲೆಯದು, ಹಡಗಿನ ಲಂಗರಿನದು.

ಹಾಗೆಂದರೆ ಜನ ಒಪ್ಪುವುದಿಲ್ಲ, ಶತ್ರುವೊಬ್ಬ ಬೇಕೇ ಬೇಕು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್‌ಗಳು ತುಂಡಾದವು. ಭಾರತದ ಪಶ್ಚಿಮದ ದಾರಿ ಅರ್ಧಕ್ಕರ್ಧ ಕುಗ್ಗಿತು, ಬೆಂಗಳೂರಿನ ಹೊರಗುತ್ತಿಗೆ ಕಂಪನಿಗಳು ಪರದಾಡಿದವು. ಎರಡೇ ದಿನಕ್ಕೆ ದುಬೈ ಹತ್ತಿರ ಫಾಲ್ಕನ್ ಕೇಬಲ್ ಕೂಡ ಹೋಯಿತು. ಸರಿ, ಯುದ್ಧಕ್ಕೆ ಮುನ್ನ ಯಾರೋ ಬೇಕೆಂದೇ ಕತ್ತರಿಸುತ್ತಿದ್ದಾರೆ ಎಂಬ ಗುಲ್ಲು ಎದ್ದಿತು. ಅಲೆಕ್ಸಾಂಡ್ರಿಯಾದ ಆ ಜಾಗದಲ್ಲಿ ಆ ಹೊತ್ತಿಗೆ ಹಡಗು ಹಾದಿರಲಿಲ್ಲ ಎಂದು ಈಜಿಪ್ಟ್ ಸರ್ಕಾರ ಹೇಳಿದ್ದು ಗುಲ್ಲಿಗೆ ತುಪ್ಪ ಸುರಿಯಿತು. ಫಾಲ್ಕನ್ ರಿಪೇರಿಗೆ ಹೋದವರಿಗೆ ತಳದಲ್ಲಿ ಸಿಕ್ಕಿದ್ದು ಯಾರೋ ಬಿಟ್ಟುಹೋದ, ಐದಾರು ಟನ್ ತೂಕದ ಲಂಗರು. 2024ರ ಫೆಬ್ರವರಿಯಲ್ಲಿ ಯುದ್ಧ ಮತ್ತು ಲಂಗರು ಎರಡೂ ಸೇರಿದವು. ಹೂತಿ ಬಂಡುಕೋರರ ಕ್ಷಿಪಣಿ ತಗುಲಿದ ರೂಬಿಮಾರ್ ಹಡಗನ್ನು ಸಿಬ್ಬಂದಿ ಬಿಟ್ಟುಹೋದರು. ತೇಲುತ್ತ ಹೋದ ಹಡಗಿನ ಲಂಗರೇ ಕೆಂಪು ಸಮುದ್ರದ ಮೂರು ಕೇಬಲ್‌ಗಳನ್ನು ಎಳೆದು ಹರಿದಿರಬೇಕು ಎಂಬುದು ಅಮೆರಿಕದ ಅಧಿಕಾರಿಗಳ ಅಂದಾಜು. ರಿಪೇರಿಗೆ ತಿಂಗಳುಗಟ್ಟಲೆ ಹಿಡಿಯಿತು.

ರಿಪೇರಿಗೆ ಮುಳುಗುಗಾರರು ಸಾವಿರಾರು ಮೀಟರ್ ಕೆಳಗಿಳಿಯುತ್ತಾರೆ ಎಂಬುದೂ ಸಿನಿಮಾ ಕಲ್ಪನೆ. ದಡದಿಂದ ಬೆಳಕಿನ ಮಿಡಿತ ಬಿಟ್ಟು, ಅದು ಮರಳಿ ಬರುವ ಸಮಯದಿಂದ ಎಲ್ಲಿ ತುಂಡಾಗಿದೆ ಎಂದು ಮೊದಲು ಗುರುತಿಸುತ್ತಾರೆ. ಹಡಗು ಅಲ್ಲಿಗೆ ಹೋಗಿ ಕೊಕ್ಕೆ ಇಳಿಬಿಟ್ಟು ತುದಿಯನ್ನು ಮೇಲೆತ್ತುತ್ತದೆ. ಗಾಜಿನ ಎಳೆಗಳನ್ನು ಕರಗಿಸಿ ಬೆಸೆಯುವ ಕೆಲಸ ಡೆಕ್ಕಿನ ಮೇಲೆಯೇ ನಡೆಯುತ್ತದೆ. ಹನುಮಂತನಗರದ ಕಂಬದ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಫೈಬರ್ ಹುಡುಗ ಮಾಡುವ ಸ್ಪ್ಲೈಸಿಂಗ್ ಕೂಡ ಇದೇ ವಿದ್ಯೆ, ಎಳೆಯ ಗಾತ್ರವೂ ಒಂದೇ. ಅವನು ಒಂದು ಗಂಟೆಯಲ್ಲಿ ಮುಗಿಸುತ್ತಾನೆ. ಹಡಗಿಗೆ ವಾರಗಳು ಬೇಕು, ಏಕೆಂದರೆ ಅದು ಮೊದಲು ಬೇರೆ ದೇಶದಿಂದ ಬರಬೇಕು, ಆಮೇಲೆ ಅನುಮತಿ ಪತ್ರಗಳಿಗೆ ಕಾಯಬೇಕು. ಈ ಕೆಲಸಕ್ಕೆ ನಾವು ವಿದೇಶಿ ಹಡಗುಗಳನ್ನೇ ನೆಚ್ಚಿಕೊಂಡಿರುವುದನ್ನು ಟ್ರಾಯ್ ಎತ್ತಿ ಹೇಳಿದೆ. ನನ್ನ ಪ್ರಕಾರ ಚಿಂತೆ ಮಾಡಬೇಕಾದದ್ದು ಶಾರ್ಕಿನ ಬಗ್ಗೆಯಲ್ಲ, ಇದರ ಬಗ್ಗೆ.

ಕೇಬಲ್ ಹೋದರೆ ಫೋನ್‌ಪೇ, ಗೂಗಲ್‌ಪೇ ನಿಂತು ತರಕಾರಿಯವನಿಗೆ ಚಿಲ್ಲರೆ ಹುಡುಕಬೇಕಾಗುತ್ತದೆ ಎಂಬ ಭಯ ಬೇಡ. ಪಾವತಿಯ ಮಾಹಿತಿಯನ್ನು ಭಾರತದೊಳಗೇ ಇಡಬೇಕು ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿಯೇ ಆದೇಶಿಸಿದೆ. ಜನ ಹೆಚ್ಚು ನೋಡುವ ಯೂಟ್ಯೂಬ್ ವಿಡಿಯೋಗಳ ಪ್ರತಿಗಳೂ ದೇಶದೊಳಗಿನ ಸರ್ವರ್‌ಗಳಲ್ಲೇ ಇರುತ್ತವೆ, ಪ್ರತಿಸಲವೂ ಕಡಲು ದಾಟಿ ಬರುವುದಿಲ್ಲ.

ಇನ್ನು ಮಂಗಳೂರು. ಐಟಿ ರಾಜಧಾನಿ ಇರುವ ರಾಜ್ಯದಲ್ಲಿ, ಮುನ್ನೂರು ಕಿಲೋಮೀಟರಿಗೂ ಉದ್ದದ ಕರಾವಳಿಯಲ್ಲಿ, ಒಂದಾದರೂ ಕೇಬಲ್ ದಡ ಹತ್ತುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಒಂದೂ ಇಲ್ಲ. ಅಂತರರಾಷ್ಟ್ರೀಯ ಕೇಬಲ್‌ಗಳು ದಡ ಹತ್ತುವುದು ಮುಂಬೈ, ಚೆನ್ನೈ, ಕೊಚ್ಚಿ, ತೂತ್ತುಕುಡಿ, ತಿರುವನಂತಪುರ, ಇಷ್ಟೇ ಊರುಗಳಲ್ಲಿ. ಮುಂಬೈಗೆ ಈ ನಂಟು 1870ರ ಸೂಯೆಜ್ ಟೆಲಿಗ್ರಾಫ್ ಕೇಬಲ್ಲಿನಿಂದ ಬಂದದ್ದು, ಒಮ್ಮೆ ದಾರಿ ಬಿದ್ದ ಕಡೆಗೇ ಮುಂದಿನವರೂ ಬರುತ್ತಾರೆ. ಹಾಗಾಗಿ ಹನುಮಂತನಗರದಿಂದ ಹೊರಟ ಮಾಹಿತಿ ಹೆಚ್ಚಾಗಿ ಹೆದ್ದಾರಿ, ರೈಲು ಹಳಿಗಳ ಪಕ್ಕದ ಫೈಬರ್ ಹಿಡಿದು ಚೆನ್ನೈಗೋ ಮುಂಬೈಗೋ ಹೋಗಿ ಅಲ್ಲಿ ಸಮುದ್ರಕ್ಕಿಳಿಯುತ್ತದೆ. ಮಂಗಳೂರಿನಲ್ಲೂ ಒಂದು ಲ್ಯಾಂಡಿಂಗ್ ಸ್ಟೇಷನ್ ಬೇಕೆಂಬ ಒತ್ತಾಯವಿದೆ. ಅದು ನ್ಯಾಯವಾದದ್ದೇ, ಮೂರನೆಯ ದಾರಿಯೊಂದು ಇದ್ದರೆ ಒಳ್ಳೆಯದು. ಆದರೆ ಅದರಿಂದ ಬೆಂಗಳೂರಿನ ಮನೆಗಳ ನೆಟ್ ಒಮ್ಮೆಲೇ ಓಡತೊಡಗುತ್ತದೆ ಎಂದುಕೊಂಡರೆ ಅದೂ ಇನ್ನೊಂದು ತಪ್ಪು ಕಲ್ಪನೆ. ಮಂಗಳೂರಿನಲ್ಲಿ ದಡ ಹತ್ತಿದ ಬೆಳಕು ಮಳೆಗಾಲದಲ್ಲಿ ಗುಡ್ಡ ಕುಸಿಯುವ ಶಿರಾಡಿಯನ್ನೋ ಚಾರ್ಮಾಡಿ ಘಾಟಿಯನ್ನೋ ಹತ್ತಿ ಬಂದು, ಕಡೆಗೆ ಹನುಮಂತನಗರದ ಐವತ್ತಡಿ ರಸ್ತೆಯ ಅದೇ ಕಂಬದ ಮೇಲಿನ ಅದೇ ಒಂದೆಳೆಯಲ್ಲಿ ಮನೆ ಸೇರಬೇಕು.