ಹಠ ಹಿಡಿದ ಮಗುವಿನ ಕೈಗೆ ನೀರು, ಮಣ್ಣು

ರಜೆ ಮುಗಿಸಿ ತಂದೆ ಗಲ್ಫ್‌ಗೆ ಮರಳಿದ ವಾರ ನಮ್ಮ ಸಂತೆಗುಳಿಯ ಮನೆಗಳಲ್ಲಿ ಮೂರು-ನಾಲ್ಕು ವರ್ಷದ ಮಕ್ಕಳು ಕಿರುಚುತ್ತವೆ, ತಟ್ಟೆ ಎಸೆಯುತ್ತವೆ, ತಾಯಿಯನ್ನೇ ಕಚ್ಚುತ್ತವೆ. 'ಕಾರಣವೇ ಇಲ್ಲ, ದೃಷ್ಟಿ ತಾಗಿರಬೇಕು, ಊದಿಕೊಡಿ' ಎಂದು ಅಜ್ಜಿಯರು ಮಸೀದಿ ಬಾಗಿಲಿಗೆ ಕರೆತರುತ್ತಾರೆ. ದುಆ ಓದಿ ಊದುತ್ತೇವೆ. ಆದರೆ ಕಾರಣ ಇದ್ದೇ ಇದೆ. ಅಗಲಿಕೆಯ ದುಃಖವನ್ನು ಹೇಳಲು ಮಗುವಿಗೆ ಮಾತಿಲ್ಲ. ಕೋಪವನ್ನು ಹಿಡಿದು ನಿಲ್ಲಿಸುವ ಮೆದುಳಿನ ಭಾಗ ಆ ವಯಸ್ಸಿನಲ್ಲಿ ಇನ್ನೂ ಬೆಳೆಯುತ್ತಿರುತ್ತದೆ. ಜುಮಾದಲ್ಲಿ ಈ ವಿಷಯ ಹೇಳಿದೆವು. ದಿನವಿಡೀ ಮಗುವಿನ ಜೊತೆ ಇರುವ ತಾಯಂದಿರು ಖುತ್ಬಾ ಕೇಳುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಹಝ್ರತ್ ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಹಕ್ಕಿ ಸತ್ತಾಗ ಪ್ರವಾದಿ(ಸ)ರವರು 'ಹಕ್ಕಿಗಾಗಿ ಅಳುವುದೇ?' ಎನ್ನಲಿಲ್ಲ. ಅವನ ಹೆಸರು ಹಿಡಿದು ಕರೆದು, ಹಕ್ಕಿಯ ಬಗ್ಗೆಯೇ ವಿಚಾರಿಸಿದರು. ಮೊದಲು ದುಃಖಕ್ಕೆ ಹೆಸರು ಕೊಡಬೇಕು: 'ಅಬ್ಬ ಹೋದರೆಂದು ನಿನಗೆ ಬೇಸರ, ಅಲ್ವಾ?'

ಆಮೇಲೆ ಕೈಗೆ ಕೆಲಸ. ಬುಖಾರಿಯಲ್ಲಿ ಮಹ್ಮೂದ್ ಬಿನ್ ರಬೀಅ್(ರ) ಎಂಬ ಸಹಾಬಿ ನೆನಪಿಸಿಕೊಳ್ಳುತ್ತಾರೆ: ತಾವು ಐದು ವರ್ಷದವರಿದ್ದಾಗ ಪ್ರವಾದಿ(ಸ)ರವರು ಬಕೆಟ್‌ನಿಂದ ಬಾಯಿಗೆ ನೀರು ತೆಗೆದು ತಮ್ಮ ಮುಖಕ್ಕೆ ಚಿಮ್ಮಿಸಿದ್ದರು. ದೊಡ್ಡವರಾದ ಮೇಲೂ ಅವರು ಆ ನೀರನ್ನು ಮರೆಯಲಿಲ್ಲ! ಕೋಪ ಬಂದರೆ ವುಝೂ ಮಾಡಿ ಎಂಬ ಹದೀಸ್ ಅಬೂದಾವೂದ್‌ನಲ್ಲಿದೆ. ಅದರ ಸನದು ದುರ್ಬಲವೆಂದು ಕೆಲವು ವಿದ್ವಾಂಸರು ಹೇಳಿದ್ದಾರೆ. ಆದರೂ ತಣ್ಣೀರು ಕೈಗೆ ಮಾಡುವ ಉಪಕಾರ ಅನುಭವದಿಂದಲೇ ಗೊತ್ತಾಗುವಂಥದ್ದು.

ಅಗಲ ಪಾತ್ರೆಯಲ್ಲಿ ನಾಲ್ಕು ಬೆರಳು ನೀರು, ಎರಡು ಗರಟೆ ಸಾಕು. ಮಗು ಒಂದರಿಂದ ಇನ್ನೊಂದಕ್ಕೆ ಸುರಿಯುತ್ತಾ ಕೂರುತ್ತದೆ. ಸುರಿಯುವಾಗ ಉಸಿರು ತಾನಾಗಿ ನಿಧಾನವಾಗುತ್ತದೆ. ಹಾಳೆಯ ಮೇಲೆ ಒದ್ದೆ ಮರಳು ಹಾಕಿ ಬೆರಳಿನಿಂದ ಅಲಿಫ್ ಬರೆಯಲಿ, ಅಳಿಸಲಿ. ರೊಟ್ಟಿ ಹಿಟ್ಟಿನ ಉಂಡೆ ಕೊಟ್ಟರೆ ಸಿಟ್ಟನ್ನೆಲ್ಲ ಅದರ ಮೇಲೆ ಗುದ್ದಲಿ. ಆಮೇಲೆ ಅದನ್ನೇ ಲಟ್ಟಿಸಿ ಬೇಯಿಸಿ. ಅಕ್ಕಿಯನ್ನು ಆಟಕ್ಕೆ ಚೆಲ್ಲುವುದು ನಮಗೆ ಒಪ್ಪಿಗೆಯಿಲ್ಲ, ಮರಳಿರುವಾಗ ಅನ್ನವೇಕೆ?

ಕಿರುಚಾಟ ಶಿಖರದಲ್ಲಿರುವಾಗ ಯಾವ ಆಟವೂ ನಡೆಯದು. ಆಗ ಹತ್ತಿರ ಕುಳಿತಿರಿ, ಸ್ವಲ್ಪ ಇಳಿದ ಮೇಲೆ ಪಾತ್ರೆ ತನ್ನಿ. ಸಿಟ್ಟಿಲ್ಲದ ದಿನಗಳಲ್ಲೂ ಆಡಿಸಿ, ಅಭ್ಯಾಸವಾಗಿರಲಿ. ಕೆಲವು ಮಕ್ಕಳಿಗೆ ಅಂಟಂಟು ಮುಟ್ಟಿದರೆ ಅಸಹ್ಯ, ಒತ್ತಾಯ ಬೇಡ. ಹುಣಸೆ ಬೀಜ, ಮಣಿಗಳು ಮೂಗಿಗೋ ಗಂಟಲಿಗೋ ಹೋಗುತ್ತವೆ, ಸಣ್ಣವರಿಗೆ ಕೊಡಲೇಬಾರದು. ನಾಲ್ಕು ಬೆರಳು ನೀರಿನ ಬಳಿಯೂ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಮೊಬೈಲ್ ಕೊಟ್ಟರೆ ಬೇಗ ಸುಮ್ಮನಾಗುತ್ತದೆ, ನಿಜ. ಕಿತ್ತುಕೊಂಡಾಗ ಏನಾಗುತ್ತದೆಂದು ತಾಯಂದಿರಿಗೆ ನಾವು ಹೇಳಬೇಕಿಲ್ಲ. ಗಲ್ಫ್‌ನಲ್ಲಿರುವ ತಂದೆಯರಿಗೆ ಒಂದು ವಿನಂತಿ: ವೀಡಿಯೊ ಕರೆಯಲ್ಲಿ 'ಅಳಬೇಡ, ಆಟಿಕೆ ಕಳಿಸುತ್ತೇನೆ' ಎನ್ನುವ ಬದಲು ಇವತ್ತು ಮರಳಿನಲ್ಲಿ ಏನು ಮಾಡಿದೆ ಎಂದು ಕೇಳಿ.