ಪತ್ರಿಕೆಯಲ್ಲಿ ಮಟ್ಟ ಬಾರದ ಜಲಾಶಯ

ಮುಂಗಾರು ಶುರುವಾದರೆ ಮೈಸೂರು, ಮಂಡ್ಯದ ಕಡೆ ಪತ್ರಿಕೆ ಬಿಡಿಸಿದವರ ಕಣ್ಣು ಮೊದಲು ಹುಡುಕುವುದು ಒಂದು ಪುಟ್ಟ ಚೌಕವನ್ನು. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. 49.45 ಟಿಎಂಸಿ ಅಡಿ ನೀರು ಹಿಡಿಯುವ ಆ ಕಟ್ಟೆ ಒಂದಡಿ ಏರಿದರೂ ಟೀ ಅಂಗಡಿಯಲ್ಲಿ ಮಾತಾಗುತ್ತದೆ. ತುಂಬಿದರೆ ಮುಖ್ಯಮಂತ್ರಿಯೇ ಬಂದು ಬಾಗಿನ ಅರ್ಪಿಸುತ್ತಾರೆ.

ಗುಂಡ್ಲುಪೇಟೆ ಸೀಮೆಯ ರೈತ ನೆಚ್ಚಿಕೊಂಡಿರುವ ಜಲಾಶಯ ಬೇರೆ. ಅದಕ್ಕೆ ಗೇಟಿಲ್ಲ, ಏರಿಯಿಲ್ಲ, ಬಾಗಿನವಂತೂ ಇಲ್ಲವೇ ಇಲ್ಲ. ಅರಿಶಿನ, ಚೆಂಡುಹೂವಿನ ಹೊಲಗಳ ಕೆಳಗೆ, ಕಲ್ಲಿನ ಬಿರುಕುಗಳಲ್ಲಿ ಅದು ಅಡಗಿದೆ. ಅದರ ಒಳಹರಿವು, ಹೊರಹರಿವನ್ನು ಲೆಕ್ಕ ಹಾಕುವ ಕೆಲಸವೊಂದು ಸದ್ದಿಲ್ಲದೆ ಇಲ್ಲಿ ನಡೆದುಕೊಂಡು ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳು ಕೂಡಿ ನಡೆಸುವ ಈ ವ್ಯವಸ್ಥೆಯ ಹೆಸರು ಕಬಿನಿ ಕ್ರಿಟಿಕಲ್ ಝೋನ್ ಅಬ್ಸರ್ವೇಟರಿ. ಮರದ ನೆತ್ತಿಯಿಂದ ಹಿಡಿದು ಅಂತರ್ಜಲದ ತಳದವರೆಗಿನ ಪದರವೇ ಕ್ರಿಟಿಕಲ್ ಝೋನ್. ಹೆಸರು ಕೇಳಿ ದೊಡ್ಡ ಕಟ್ಟಡ, ದುರ್ಬೀನು ಹುಡುಕಿಕೊಂಡು ಹೋದರೆ ನಿರಾಸೆಯಾದೀತು. ಇಲ್ಲಿನ ಪ್ರಯೋಗಶಾಲೆಯೆಂದರೆ ಎರಡು ಹಳ್ಳಗಳ ಜಲಾನಯನ ಪ್ರದೇಶ, ಅಷ್ಟೇ. ಒಂದು ಕಾಡಿನದು, ಇನ್ನೊಂದು ಊರಿನದು.

ಕಾಡಿನದು ಬಂಡೀಪುರದ ಮೂಲೆಹೊಳೆ. ಸುಲ್ತಾನ್ ಬತ್ತೇರಿಗೆ ಹೋಗುವವರಿಗೆ ಅದು ಚೆಕ್‌ಪೋಸ್ಟ್ ಎಂದಷ್ಟೇ ಗೊತ್ತು. ಇರುಳು ವಾಹನ ಬಿಡದ ರಸ್ತೆ. ಅಲ್ಲಿ 4.1 ಚದರ ಕಿಲೋಮೀಟರ್ ಕಾಡನ್ನು ಆರಿಸಿಕೊಂಡು, ಬಿದ್ದ ಮಳೆಗೆ ಮಳೆಮಾಪಕ, ಹಳ್ಳದ ಬಾಯಿಗೆ ಹರಿವಿನ ಅಳತೆ, ನಡುನಡುವೆ ನೀರಿನ ಮಟ್ಟ ನೋಡುವುದಕ್ಕೆಂದೇ ಕೊರೆದ ಬಾವಿಗಳು, ಇಷ್ಟನ್ನು ಇಟ್ಟುಕೊಂಡು 2003ರಲ್ಲಿ ಕೂತರು. ಊರೂ ಇಲ್ಲ, ಪಂಪ್‌ಸೆಟ್ಟೂ ಇಲ್ಲ. ಮನುಷ್ಯ ಕೈಹಾಕದಿದ್ದರೆ ನೆಲದೊಳಕ್ಕೆ ಎಷ್ಟು ನೀರು ಇಳಿಯುತ್ತದೆ ಎಂಬುದು ಪ್ರಶ್ನೆ.

ನೆಲದೊಳಗೆ ನದಿ ಹರಿಯುತ್ತಿದೆ ಎಂದು ನಂಬಿರುವವರು ನಮ್ಮಲ್ಲಿ ಬಹಳ. ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತರೆ ಕೆಳಗೆ ಸೆಲೆ ಇದೆ ಅನ್ನುತ್ತಾರೆ. ಬೋರ್‌ವೆಲ್ ಲಾರಿಯವರಿಗೆ ಮಾತ್ರ ನಿಜ ಸಂಗತಿ ಗೊತ್ತು: ಮೊದಲು ಮಣ್ಣು, ಆಮೇಲೆ ಕೇಸಿಂಗ್ ಪೈಪ್ ಬೇಡುವ ಗೊರಚು, ಅದರಡಿಗೆ ಗಟ್ಟಿ ಕಲ್ಲು, ಆ ಕಲ್ಲಿನಲ್ಲಿ ‘ಗ್ಯಾಪ್’ ಸಿಕ್ಕರೆ ನೀರು, ಇಲ್ಲದಿದ್ದರೆ ಬರೀ ಧೂಳು. ಮೂಲೆಹೊಳೆಯಲ್ಲಿ ಮಣ್ಣು ಸರಾಸರಿ 2 ಮೀಟರ್, ಅದರ ಕೆಳಗೆ ಸವೆದು ಮೆತ್ತಗಾದ ಕಲ್ಲು 15 ಮೀಟರ್. ಆಮೇಲೆ ನೈಸ್ ಶಿಲೆ. ಇಂಥ ಶಿಲೆಯ ನೂರು ಪಾಲಿನಲ್ಲಿ ನಮ್ಮ ಕೈಗೆ ಬರುವ ನೀರು ಒಂದು ಪಾಲಿನ ಆಸುಪಾಸು. ಹಾಗಾಗಿ ಬರೀ 10 ಮಿಲಿಮೀಟರ್ ನೀರು ಕೆಳಕ್ಕೆ ತಲುಪಿದರೂ ಅಂತರ್ಜಲ ಒಂದು ಮೀಟರ್ ಏರುತ್ತದೆ. ಬೋರ್‌ವೆಲ್ಲಿನಲ್ಲಿ ನೀರು ಏರಿತೆಂದು ಹಿಗ್ಗುವ ಮೊದಲು ಇದು ನೆನಪಿರಲಿ. ಅಷ್ಟೇ ನೀರು ಎತ್ತಿದರೆ ಅಷ್ಟೇ ಆಳಕ್ಕೆ ಇಳಿಯುತ್ತದೆ.

ಎಷ್ಟು ನೀರು ಇಳಿಯಿತೆಂದು ಕಣ್ಣಿಗೆ ಕಾಣದು. ಕಂಡುಹಿಡಿಯುವ ಉಪಾಯಗಳಲ್ಲಿ ನನಗೆ ಬಹಳ ಹಿಡಿಸಿದ್ದು ಉಪ್ಪಿನದು. ಕಡಲಿನಿಂದ ಬರುವ ಮೋಡ ಮಳೆಯ ಜೊತೆ ತುಸು ಕ್ಲೋರೈಡನ್ನೂ ಹೊತ್ತು ತರುತ್ತದೆ. ಮರಗಳು ನೀರನ್ನು ಹೀರುತ್ತವೆ, ಆ ಉಪ್ಪನ್ನು ಹೆಚ್ಚುಕಡಿಮೆ ನೆಲದಲ್ಲೇ ಬಿಡುತ್ತವೆ. ಒಲೆಯ ಮೇಲೆ ಮರೆತ ಸಾರು ಬತ್ತಿದಷ್ಟೂ ಉಪ್ಪಾಗುವುದಿಲ್ಲವೇ, ಹಾಗೆ. ಕೆಳಗಿನ ನೀರು ಮಳೆನೀರಿಗಿಂತ ಇಪ್ಪತ್ತು ಪಟ್ಟು ಉಪ್ಪಾಗಿದ್ದರೆ, ಮಳೆಯ ಇಪ್ಪತ್ತನೇ ಒಂದು ಪಾಲಷ್ಟೇ ಅಲ್ಲಿಗೆ ಮುಟ್ಟಿದೆ ಎಂದು ಅರ್ಥ. ಈ ಲೆಕ್ಕವನ್ನು ಬಾವಿಗಳ ಏರಿಳಿತದ ಜೊತೆ ತಾಳೆ ನೋಡಿ 2003ರಿಂದ 2006ರವರೆಗಿನ ಮೂರು ವರ್ಷಗಳ ಉತ್ತರ ತೆಗೆದರು: ಇಡೀ ಕಾಡಿನ ನೆಲದಿಂದ ಇಂಗಿದ್ದು ವರ್ಷಕ್ಕೆ 45 ಮಿಲಿಮೀಟರ್. ಹಳ್ಳ ಉಕ್ಕಿದಾಗ ಅದರ ತಳದಿಂದ ಇಂಗಿದ್ದು 30. ಬಿದ್ದ ಮಳೆಯಲ್ಲಿ ನೂರಕ್ಕೆ 80ರಿಂದ 90 ಪಾಲು, ಅಂದರೆ ವರ್ಷಕ್ಕೆ ಸರಾಸರಿ 1050 ಮಿಲಿಮೀಟರ್, ಮರಗಿಡಗಳ ಮೂಲಕವೋ ನೆಲದಿಂದಲೋ ಆವಿಯಾಗಿ ಹೋಗಿತ್ತು.

ಎಲೆ ಉದುರಿಸುವ ಕಾಡು ಇಷ್ಟು ಕುಡಿಯುತ್ತದೆಂದು ಸಂಶೋಧಕರೇ ನಿರೀಕ್ಷಿಸಿರಲಿಲ್ಲ. ಕಾಡಿದ್ದ ಕಡೆ ಅಂತರ್ಜಲ ತುಂಬಿ ತುಳುಕುತ್ತದೆ ಎಂದು ಶಾಲೆಯಲ್ಲಿ ಓದಿದ ನಮಗಂತೂ ಇದು ಕಸಿವಿಸಿ. ಹಾಗೆಂದು ಕೊಡಲಿ ಎತ್ತಿಕೊಳ್ಳುವವರಿಗೆ ಇದು ಸಾಕ್ಷಿಯಾಗದು. ಕಾಡಿನ ಕೆಲಸ ಬಾವಿ ತುಂಬಿಸುವುದೊಂದೇ ಅಲ್ಲ. ಬೇರುಗಳು ಆಳದ ಗೊರಚಿನಲ್ಲಿ ಅಂಟಿಕೊಂಡ ತೇವವನ್ನೂ ಹೀರುತ್ತವೆ ಎಂಬುದು ಆಮೇಲೆ ತಿಳಿದ ಸಂಗತಿ. ಸತತ ಬರದಲ್ಲಿ ಆ ಪದರ ಒಣಗಿರುತ್ತದೆ. ಮುಂದೆ ಬರುವ ಒಳ್ಳೆಯ ಮಳೆ ಮೊದಲು ಆ ಹಳೇ ಬಾಕಿ ತೀರಿಸಬೇಕು, ಉಳಿದದ್ದು ಕೆಳಕ್ಕೆ. ಈ ವರ್ಷ ಇಷ್ಟು ಮಳೆ ಹೊಯ್ದರೂ ಬೋರ್‌ವೆಲ್ ಯಾಕೆ ಏಳಲಿಲ್ಲ ಎಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲಿದೆ.

ಉಳಿದರ್ಧ, ಅಂದರೆ ಪಂಪ್‌ಸೆಟ್ಟುಗಳ ಪಾಲು, ಊರಿನ ಹಳ್ಳವಾದ ಬೇರಂಬಾಡಿಯಲ್ಲಿದೆ. ಕಾಡಿನಂಚಿಗೆ ಹೊಂದಿಕೊಂಡ 84 ಚದರ ಕಿಲೋಮೀಟರ್ ಜಲಾನಯನ, ಬಹುಪಾಲು ಹೊಲಗದ್ದೆ. ಓಣಂ ಹೊತ್ತಿಗೆ ಕೇರಳದವರು ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವ ಸೂರ್ಯಕಾಂತಿ ಹೊಲಗಳ ಸೀಮೆ. ಉಪಗ್ರಹಗಳು ಮೇಲಿನಿಂದ ಅಂದಾಜು ಮಾಡುವ ಮಣ್ಣಿನ ತೇವವನ್ನು ನೆಲದ ಮೇಲೆ ಪರೀಕ್ಷಿಸಲು ಇಲ್ಲಿನ ರೈತರ 50 ಹೊಲಗಳನ್ನು ಬಳಸಿಕೊಂಡಿದ್ದೂ ಉಂಟು. ಆದರೆ ಮುಖ್ಯ ಸುದ್ದಿ ಕೆಳಗಿನದು. 200ಕ್ಕೂ ಹೆಚ್ಚು ಬೋರ್‌ವೆಲ್‌ಗಳ ನೀರನ್ನು ಪರೀಕ್ಷಿಸಿದಾಗ ನೈಟ್ರೇಟ್ ಒಂದು ಕಡೆ ಲೀಟರಿಗೆ 1 ಮಿಲಿಗ್ರಾಂ, ಮತ್ತೊಂದು ಕಡೆ 360. ಕುಡಿಯುವ ನೀರಿಗೆ ನಮ್ಮ ಮಾನದಂಡ 45.

ಗೊಬ್ಬರ ಎಲ್ಲರೂ ಹಾಕುತ್ತಾರೆ, ಈ ಅಂತರ ಯಾಕೆ? 2017ರಲ್ಲಿ ಪ್ರಕಟವಾದ ಅಧ್ಯಯನ ಕೊಡುವ ಕಾರಣ ನೆಲದೊಳಗಿನ ಓಡಾಟ. ಅಂತರ್ಜಲ ಪಕ್ಕಕ್ಕೆ ಹರಿಯಲು ಇಳಿಜಾರಿದ್ದ ಕಡೆ ನೈಟ್ರೇಟ್ ಅಷ್ಟಾಗಿ ಕೂಡಿಕೊಂಡಿರಲಿಲ್ಲ. ನೀರು 30ರಿಂದ 60 ಮೀಟರ್ ಆಳಕ್ಕೆ ಕುಸಿದು, ಪಕ್ಕದಿಂದ ಬರುವುದೂ ಹೋಗುವುದೂ ನಿಂತ ಕಡೆ ಅದು ಮಡುಗಟ್ಟಿತ್ತು. ಅಲ್ಲಿ ಎತ್ತಿದ ನೀರೇ ಹೊಲದಲ್ಲಿ ಗೊಬ್ಬರ ಸೇರಿಸಿಕೊಂಡು ಇಂಗುತ್ತದೆ, ಅದನ್ನೇ ಮತ್ತೆ ಎತ್ತುತ್ತಾರೆ. ಅದೇ ಸಾರು ಮತ್ತೆ ಮತ್ತೆ ಒಲೆ ಏರುತ್ತಿದೆ.

ಒಂದು ಲೆಕ್ಕ ಹಾಕಿ ನೋಡಿದೆ. 360 ಮಿಲಿಗ್ರಾಂ ನೈಟ್ರೇಟ್ ಇರುವ ನೀರನ್ನು ಎಕರೆಗೆ ನಾಲ್ಕು ಅಂಗುಲ ನಿಲ್ಲುವಷ್ಟು ಹಾಯಿಸಿದರೆ ಅದರ ಜೊತೆ ಬೀಳುವ ಸಾರಜನಕ ಸುಮಾರು 33 ಕಿಲೋ. 45 ಕಿಲೋ ಮೂಟೆಯ ಯೂರಿಯಾ ಒಂದೂವರೆಗಿಂತ ಹೆಚ್ಚಾಯಿತು. ನೀರಿನಲ್ಲೇ ಇಷ್ಟು ಬರುತ್ತಿರುವಾಗ ರೈತ ಸೊಸೈಟಿಯಲ್ಲಿ ಸರತಿ ನಿಂತು ಮೂಟೆ ಹೊತ್ತು ತಂದು ಅದರ ಮೇಲೆ ಸುರಿಯುತ್ತಾನೆ.

ಪೊಟ್ಯಾಷ್ ಕಥೆ ಇನ್ನೂ ವಿಚಿತ್ರ. ಅಂಗಡಿಯ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಬೆಳೆಗೆ ಬೇಕಾದದ್ದು ಪೊಟ್ಯಾಸಿಯಂ. ಕ್ಲೋರೈಡ್ ಇಂಗಿ ಅಂತರ್ಜಲ ಸೇರುತ್ತದೆ. ಬೇರಂಬಾಡಿಯ ನೀರು ಉಪ್ಪಾಗುತ್ತಿರುವುದಕ್ಕೆ ಈ ಗೊಬ್ಬರ ಕಾರಣವೆಂದು 2020ರ ಅಧ್ಯಯನ ತೋರಿಸಿತು. ಕಾಡಿನಲ್ಲಿ ಇಂಗಿದ ನೀರಿನ ಲೆಕ್ಕ ಹೇಳಿದ ಉಪ್ಪೇ ಊರಿನಲ್ಲಿ ಗೊಬ್ಬರದ ಕಥೆ ಹೇಳುತ್ತಿದೆ. ಸಂಶೋಧಕರು ಅದನ್ನು ಬೇರೆಯಾಗಿಯೇ ಓದಬೇಕಾಯಿತು.

ಇಷ್ಟೆಲ್ಲ ಗೊತ್ತಾಗುವುದರ ಹಿಂದೆ ನೀರಿನ ಮಟ್ಟ ಅಳೆಯುವ ಸಲಕರಣೆಯೊಂದಿದೆ, ತೀರಾ ಸಾದಾ. ಒಂದು ರಾಟೆಗೆ ಸುತ್ತಿದ ಅಳತೆ ಟೇಪು, ತುದಿಯಲ್ಲಿ ಬೆರಳುದ್ದದ ಲೋಹದ ತುಂಡು. ಬೋರ್‌ವೆಲ್ ಮುಚ್ಚಳ ತೆಗೆದು, ಪೈಪು, ಹಗ್ಗ, ಕೇಬಲ್‌ಗಳ ಸಂದಿನಲ್ಲಿ ಅದನ್ನು ಇಳಿಬಿಡಬೇಕು. ಎಲ್ಲೋ ಕೇಬಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಜಗ್ಗಿ ಬಿಡಿಸಬೇಕು. ತುದಿ ನೀರು ಮುಟ್ಟಿದೊಡನೆ ರಾಟೆ ‘ಕೀಂ’ ಎನ್ನುತ್ತದೆ. ತುಸು ಎತ್ತಿ, ಮತ್ತೆ ಇಳಿಸಿ, ಸದ್ದು ಬಂದ ಜಾಗದಲ್ಲಿ ಟೇಪನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಮೀಟರ್ ಬರೆದುಕೊಳ್ಳುವುದು. ಮೋಟಾರ್ ಓಡುತ್ತಿದ್ದರೆ ಈ ಅಳತೆ ಉಪಯೋಗಕ್ಕಿಲ್ಲ, ನೀರು ಆಗ ಅದರ ನಿಜವಾದ ಮಟ್ಟದಲ್ಲಿರುವುದಿಲ್ಲ. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಎಂದು ರೈತ ಕಾಯುವ ಅದೇ ಬದುವಿನ ಮೇಲೆ, ಅದು ಯಾವಾಗ ಹೋಗುತ್ತದೋ ಎಂದು ಟೇಪು ಹಿಡಿದವರು ಕಾಯಬೇಕು.