ಹಿಡಿಕೆ ಬಾಗಿಲಿಗಾ, ಬಾಗಿಲ ಮೇಲಾ?

ಸಾಮಾನ್ಯವಾಗಿ ನಾನಿಲ್ಲಿ ಮಾತಾಡೋದು ಜೀವಕೋಶ, ಪ್ರೋಟೀನು, ಬ್ಯಾಕ್ಟೀರಿಯಾ ಬಗ್ಗೆ. ಇವತ್ತಿನ ವಿಷಯ ಅದಕ್ಕಿಂತ ಚಿಕ್ಕದು: ಇನ್, ಆನ್, ಆಫ್, ಟು, ಬೈ. ಇಂಗ್ಲಿಷಿನ ಪ್ರೆಪೊಸಿಷನ್‌ಗಳು. ಇವು ನಾಮಪದದ ಜೊತೆ, ಗುಣವಾಚಕದ ಜೊತೆ ಹೇಗೆ ಸೇರ್ತವೆ, ನಮಗೆ ಯಾಕೆ ಎಡವಟ್ಟಾಗತ್ತೆ ಅಂತ ನೋಡೋಣ.

ಉದಾಹರಣೆಗೆ ನಾನಿರೋ ಊರನ್ನೇ ತಗೊಳ್ಳಿ. ಊರಿನ ಹೆಸರು ಬೆಸ್ಟ್. ನೆದರ್ಲ್ಯಾಂಡ್ಸಿನ ಐಂಡ್‌ಹೋವನ್ ಪಕ್ಕದಲ್ಲಿದೆ. ಫಿಲಿಪ್ಸ್‌ನವರ ವೈದ್ಯಕೀಯ ಯಂತ್ರಗಳ ದೊಡ್ಡ ಕೇಂದ್ರ ಇರೋದು ಇಲ್ಲೇ. 'ಐ ಲಿವ್ ಇನ್ ಬೆಸ್ಟ್' ಅಂದ್ರೆ ಕೇಳಿದವರು ಒಂದು ಕ್ಷಣ ತಡೆದು ನಗ್ತಾರೆ. ಆದ್ರೆ ಅದು ಊರೇ ಇರಬೇಕು ಅಂತ ಅವರಿಗೆ ಗೊತ್ತಾಗತ್ತೆ. ಹೇಗೆ? 'ಇನ್' ಆದ ಮೇಲೆ ಒಂದು ನಾಮಪದ ಬರಲೇಬೇಕು. 'ಇನ್ ದ ಬೆಸ್ಟ್' ಅಂತ ನಿಲ್ಲಿಸಿದ್ರೆ 'ಬೆಸ್ಟ್ ಏನು?' ಅಂತ ಕಾಯ್ತಾರೆ. ಗುಣವಾಚಕವನ್ನ ಊರು ಮಾಡಿದ್ದು ಆ ಎರಡಕ್ಷರದ ಪದ. ಕನ್ನಡದಲ್ಲಿ ಇದೇ ಕೆಲಸ ಹಿಂದಿನಿಂದ ನಡೆಯತ್ತೆ. 'ಬೆಸ್ಟಲ್ಲಿ ಇದೀನಿ' ಅಂದಾಗ ಆ 'ಅಲ್ಲಿ' ಹತ್ತಿರೋದ್ರಿಂದಲೇ ಅದು ನಾಮಪದ. 'ದೊಡ್ಡ' ಅನ್ನೋ ಪದಕ್ಕೆ ನೇರವಾಗಿ 'ಅಲ್ಲಿ' ಹಚ್ಚಕ್ಕಾಗಲ್ಲ; ಮೊದಲು 'ದೊಡ್ಡದು' ಅಂತ ಮಾಡ್ಕೊಂಡು ಆಮೇಲೆ 'ದೊಡ್ಡದರಲ್ಲಿ' ಅನ್ನಬೇಕು.

ಶಾಲೇಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ನೆನಪಿದೆ ಅಲ್ವಾ? ಉ, ಅನ್ನು, ಇಂದ, ಗೆ, ದೆಸೆಯಿಂದ... ಆ 'ದೆಸೆಯಿಂದ' ಅನ್ನೋದನ್ನ ಯಾವ ಮನೇಲೂ ಯಾರೂ ಹೇಳಿದ್ದು ನಾನು ಕೇಳಿಲ್ಲ. ಸಂಸ್ಕೃತದ ಅಚ್ಚಿಗೆ ಕನ್ನಡವನ್ನ ಸುರಿದಿದ್ರ ಫಲ ಅದು. ಡಿ. ಎನ್. ಶಂಕರ ಭಟ್ಟರು ಜೀವನವಿಡೀ ವಾದ ಮಾಡಿದ್ದು ಇದರ ವಿರುದ್ಧವೇ. ಅವರು 1994ರಲ್ಲಿ ಗುಣವಾಚಕಗಳ ಬಗ್ಗೆಯೇ ಇಂಗ್ಲಿಷಿನಲ್ಲಿ ಒಂದು ಇಡೀ ಪುಸ್ತಕ ಬರೆದಿದ್ದಾರೆ.

ಒಂದು ಇಡೀ ಪುಸ್ತಕ ಯಾಕೆ ಬೇಕಾಯ್ತು ಅಂದ್ರೆ, ಗುಣವಾಚಕ ಅನ್ನೋ ಜಾತಿ ಎಲ್ಲ ಭಾಷೆಗಳಲ್ಲೂ ಒಂದೇ ಥರ ಇರಲ್ಲ. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಭಾಷಾವಿಜ್ಞಾನಿ ಡಿಕ್ಸನ್ 1977ರಲ್ಲೇ ಇದನ್ನ ಎತ್ತಿ ತೋರಿಸಿದ್ರು: ನೈಜೀರಿಯಾದ ಇಗ್ಬೊ ಭಾಷೇಲಿ ಅಪ್ಪಟ ಗುಣವಾಚಕಗಳು ಬರೀ 8. ದೊಡ್ಡದು–ಚಿಕ್ಕದು, ಹೊಸದು–ಹಳೇದು, ಕಪ್ಪು–ಬಿಳಿ, ಒಳ್ಳೇದು–ಕೆಟ್ಟದ್ದು. ಅಷ್ಟೇ. ಕನ್ನಡದ್ದೂ ಶ್ರೀಮಂತ ಪಟ್ಟಿ ಏನಲ್ಲ. ದೊಡ್ಡ, ಚಿಕ್ಕ, ಹೊಸ, ಹಳೆ, ಒಳ್ಳೆ ಅಂತ ಬೆರಳು ಮಡಚ್ತಾ ಹೋದ್ರೆ ಬೇಗ ಮುಗಿಯತ್ತೆ. ಮಿಕ್ಕಿದ್ದನ್ನ ಕ್ರಿಯಾಪದದಿಂದ ಅಥವಾ ನಾಮಪದದಿಂದ ಕಟ್ಕೋತೀವಿ: ಮುರಿದ ಕುರ್ಚಿ, ತುಂಬಿದ ಕೊಡ, ಎತ್ತರದ ಮರ. 'ಕೆಟ್ಟ' ಅನ್ನೋದೂ ಮೂಲತಃ 'ಕೆಡು' ಅನ್ನೋ ಕ್ರಿಯಾಪದದ್ದೇ.

ಇಂಗ್ಲಿಷಿನಲ್ಲಿ ಹಾಗಲ್ಲ. ಗುಣವಾಚಕಗಳು ಸಾವಿರಾರು, ಎಷ್ಟೋ ಗುಣವಾಚಕಗಳಿಗೆ ತಮ್ಮದೇ ಜೊತೆಗಾರ ಪ್ರೆಪೊಸಿಷನ್. ಅಫ್ರೇಡ್ ಆಫ್, ಗುಡ್ ಅಟ್, ಮ್ಯಾರೀಡ್ ಟು, ರೆಸಿಸ್ಟೆಂಟ್ ಟು. ನಾವು 'ನಾಯಿ ಕಂಡ್ರೆ ಭಯ' ಅಂತೀವಿ, ಇಲ್ಲಾ 'ನಾಯಿಗೆ ಹೆದರ್ತಾನೆ' ಅಂತೀವಿ. ಹಿಂದಿಯವರು ನಾಯಿಯಿಂದ ಹೆದರ್ತಾರೆ. ಡಚ್ಚರು 'ಬಾಂಗ್ ಫೋರ್', ಅಂದ್ರೆ ಹೆಚ್ಚುಕಮ್ಮಿ ನಾಯಿಯ ಮುಂದೆ ಹೆದರ್ತಾರೆ. ನಾಯಿ ಅದೇ, ಭಯ ಅದೇ. ಗಣಿತ'ದಲ್ಲಿ' ಜಾಣ ಅಂತೀವಲ್ಲ, ಹಾಗಾಗಿ 'ಗುಡ್ ಇನ್ ಮ್ಯಾತ್ಸ್' ಅಂತೀವಿ. ಡಚ್ಚರೂ 'ಖೂಟ್ ಇನ್' ಅಂತಾರೆ, ಅವರ ಇಂಗ್ಲಿಷಿನಲ್ಲೂ ಅದೇ ತಪ್ಪು ಬರತ್ತೆ. 'ಮ್ಯಾರೀಡ್ ವಿತ್' ವಿಷಯದಲ್ಲೂ ನಾವೂ ಅವರೂ ಒಂದೇ ದೋಣೀಲಿ. ನನ್ನ ಅಭಿಪ್ರಾಯ ಕೇಳಿದ್ರೆ, ಇದರಲ್ಲಿ ತರ್ಕ ಹುಡುಕ್ತಾ ಕೂರೋದು ಸಮಯ ದಂಡ. 'ಅಫ್ರೇಡ್' ಅಂತ ಒಂದು ಪದ ಕಲಿಯೋ ಬದಲು 'ಅಫ್ರೇಡ್ ಆಫ್' ಅಂತ ಒಂದೇ ಪದದ ಹಾಗೆ ಕಲೀಬೇಕು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಬೆಸ್ಟಿನಿಂದ ಸುಮಾರು ಗಂಟೆ ದಾರಿ ನೈಮೇಖನ್ ಅನ್ನೋ ಊರು. ಅಲ್ಲಿ ಭಾಷೆ ಮತ್ತು ಮನಸ್ಸಿನ ಸಂಬಂಧವನ್ನ ಓದೋಕೇ ಮೀಸಲಾದ ಒಂದು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಇದೆ. ಮೆಲಿಸ್ಸಾ ಬೋವರ್‌ಮನ್ ಅಲ್ಲಿ ದಶಕಗಳ ಕಾಲ ಕೆಲಸ ಮಾಡಿದ್ರು. ಅವರ ಪ್ರಶ್ನೆ ಸರಳ: ಟೇಬಲ್ ಮೇಲಿರೋ ಲೋಟ, ಬಾಗಿಲಿನ ಹಿಡಿಕೆ, ಬೆರಳಲ್ಲಿರೋ ಉಂಗುರ, ಈ ಮೂರೂ ಒಂದೇ ಥರದ ಸಂಬಂಧವಾ?

ಇಂಗ್ಲಿಷಿಗೆ ಮೂರೂ ಒಂದೇ, 'ಆನ್'. ಡಚ್ಚಿನಲ್ಲಿ ಮೂರಕ್ಕೂ ಬೇರೆ ಬೇರೆ. ಲೋಟಕ್ಕೆ 'ಆಪ್', ಹಿಡಿಕೆಗೆ 'ಆನ್' (ಕನ್ನಡ ಲಿಪೀಲಿ ಇಂಗ್ಲಿಷಿನದ್ದರ ಥರಾನೇ ಕಾಣತ್ತೆ, ಬೇರೆ ಪದ, 'ಆ'ವನ್ನ ಉದ್ದ ಎಳೀಬೇಕು), ಉಂಗುರಕ್ಕೆ 'ಓಮ್'. ಬೋವರ್‌ಮನ್ ಮತ್ತು ಡೀಡ್ರಾ ಗೆಂಟ್ನರ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮಕ್ಕಳು 'ಆನ್' ಬೇಗ ಕಲಿತಿದ್ರು. ಡಚ್ ಮಕ್ಕಳು 'ಆಪ್' ಬೇಗ ಕಲಿತು, ಅದನ್ನೇ ಹಿಡಿಕೆಗೂ ಉಂಗುರಕ್ಕೂ ಅಂಟಿಸ್ತಿದ್ರು. ಮಿಕ್ಕ ಎರಡು ತಡವಾಗಿ ಬಂದ್ವು. ಅವರ ವಾದ: ಜಗತ್ತಿನ ಬಹಳ ಭಾಷೆಗಳು ಯಾವ ವಿಂಗಡಣೆ ಮಾಡ್ತವೋ ಅದು ಮಕ್ಕಳಿಗೂ ಸಲೀಸು, ಅಪರೂಪದ್ದು ಕಷ್ಟ. ಅಂದ್ರೆ ಡಚ್ ಭಾಷೇಲೇ ಹುಟ್ಟಿದ ಮಗು ಕೂಡ ಇಲ್ಲಿ ತಡವರಿಸತ್ತೆ. ನಲವತ್ತನೇ ವಯಸ್ಸಲ್ಲಿ ಡಚ್ ಕ್ಲಾಸಿಗೆ ಹೋಗೋ ನಮ್ಮವರು ಇದನ್ನ ಕೇಳಿ ಸ್ವಲ್ಪ ಸಮಾಧಾನ ಮಾಡ್ಕೋಬಹುದು.

ಕನ್ನಡ ಇಲ್ಲಿ ಏನು ಮಾಡತ್ತೆ ನೋಡಿ. ಲೋಟ ಟೇಬಲ್ 'ಮೇಲೆ'. ಆದ್ರೆ ಹಿಡಿಕೆ ಹಾಕಿಸೋದು ಬಾಗಿಲಿ'ಗೆ'. ಕೋಟು ಗೂಟ'ಕ್ಕೆ', ಫ್ಯಾನು ಸೂರಿ'ಗೆ'. ಈ ಮೂರೂ ಕಡೆ ಡಚ್ಚರು ಹೇಳೋದು ಅದೇ ಎಳೆದ 'ಆನ್'. ಇನ್ನೂ ಮಜಾ ಅಂದ್ರೆ, 'ಅಮ್ಮನಿಗೆ ಕೊಡು' ಅನ್ನೋವಾಗಲೂ ಅವರದ್ದು 'ಆನ್', ನಮ್ಮದು 'ಗೆ'. ಕೊಡೋದಕ್ಕೂ ತಗುಲಿ ಹಾಕೋದಕ್ಕೂ ಒಂದೇ ಪದ ಸಾಕು ಅಂತ ಎರಡು ದೂರದ ಭಾಷೆಗಳಿಗೆ ಬೇರೆ ಬೇರೆಯಾಗಿ ಅನ್ನಿಸಿದೆ. ಪೂರ್ತಿ ಹೊಂದಲ್ಲ ಮತ್ತೆ: ಕಾಲಿ'ಗೆ' ಬ್ಯಾಂಡೇಜ್ ಅಂತೀವಿ, ಅವರು ಅಲ್ಲಿ 'ಆಪ್' ಅಂತಾರೆ. ಉಂಗುರವೂ ನಮಗೆ ಬೆರಳಿ'ಗೆ'. ಆದ್ರೂ ಡಚ್ 'ಆನ್' ಕಲಿಯೋ ಕನ್ನಡಿಗರಿಗೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರದ ದಾರಿ ಅಂತ ನನಗನ್ನಿಸತ್ತೆ.

ಭಾಷೆಗೂ ಮೊದಲೇ ಇದೆಲ್ಲ ಮಿದುಳಲ್ಲಿ ಇರತ್ತಾ? ಕೊರಿಯನ್ ಭಾಷೆ ಬಿಗಿಯಾಗಿ ಕೂರೋದಕ್ಕೂ ಸಡಿಲವಾಗಿ ಇರೋದಕ್ಕೂ ಬೇರೆ ಕ್ರಿಯಾಪದ ಬಳಸತ್ತೆ, ಇಂಗ್ಲಿಷ್ ಬಳಸಲ್ಲ. ಹೆಸ್ಪಾಸ್ ಮತ್ತು ಸ್ಪೆಲ್ಕಿ 2004ರಲ್ಲಿ ನೇಚರ್ ಪತ್ರಿಕೇಲಿ ತೋರಿಸಿದ್ದು: ಇಂಗ್ಲಿಷ್ ಮನೆಗಳ 5 ತಿಂಗಳ ಕೂಸುಗಳೂ ಈ ಬಿಗಿ–ಸಡಿಲ ವ್ಯತ್ಯಾಸವನ್ನ ಗಮನಿಸ್ತವೆ. ಮುಂದೆ ಅವರ ಭಾಷೆಗೆ ಅದು ಬೇಕಾಗಲ್ಲ.

ಸರಿ, ಇದೆಲ್ಲ ಬರೀ ಕುತೂಹಲಾನಾ? ಅಲ್ಲ. ದಿನಕ್ಕೆ 20 ಮಿಲಿಗ್ರಾಂ ಮಾತ್ರೆ ತಗೊಳ್ಳೋರಿಗೆ 'ರೆಡ್ಯೂಸ್ ಬೈ 5' ಅಂದ್ರೆ 15, 'ರೆಡ್ಯೂಸ್ ಟು 5' ಅಂದ್ರೆ 5. ಕನ್ನಡದಲ್ಲಿ '5 ಮಿಲಿಗ್ರಾಂ ಇಳಿಸಿ', '5 ಮಿಲಿಗ್ರಾಂಗೆ ಇಳಿಸಿ'. ನಡುವೆ ಇರೋದು ಒಂದು 'ಗೆ'. ಡಚ್ಚಿನಲ್ಲಿ ಇದಕ್ಕೆ 'ಮೆಟ್' ಮತ್ತು 'ಟಾಟ್'. 'ಮೆಟ್' ಅಂದ್ರೆ 'ಜೊತೆ' ಅಂತಲೂ ಅರ್ಥ, ಹಾಗಾಗಿ ಇಲ್ಲಿಯವರ ಇಂಗ್ಲಿಷಿನಲ್ಲಿ 'ರೆಡ್ಯೂಸ್ ವಿತ್ 5' ಅಂತ ಬಂದುಬಿಡತ್ತೆ. ಡಚ್ ವೈದ್ಯರು, ಕನ್ನಡದ ರೋಗಿ, ನಡುವೆ ಇಬ್ಬರದ್ದೂ ಅಲ್ಲದ ಇಂಗ್ಲಿಷ್. ಅಪ್ಪ ಅಮ್ಮ ಇಲ್ಲಿಗೆ ಬಂದಿದ್ದಾಗ ಕ್ಲಿನಿಕ್ಕಿಗೆ ಕರ್ಕೊಂಡು ಹೋಗೋರು ಒಂದು ಪ್ರಶ್ನೆ ಕೇಳಿಬಿಡಿ: 'ನಾಳೆಯಿಂದ ಒಟ್ಟು ಎಷ್ಟು ಮಿಲಿಗ್ರಾಂ?' ಅಂಕಿಗೆ ಪ್ರೆಪೊಸಿಷನ್ ಬೇಡ.

ಪ್ರೆಪೊಸಿಷನ್ ಇಲ್ಲದೇ ಹೋದ್ರೂ ಕಷ್ಟವೇ. ಲ್ಯಾಬಿನ ಫ್ರಿಜ್ಜಿನಲ್ಲಿ 'ಗೋಟ್ ಆಂಟಿ-ರ‍್ಯಾಬಿಟ್' ಅಂತ ಬರೆದ ಪುಟ್ಟ ಟ್ಯೂಬ್ ಇರತ್ತೆ. ಮೊಲದ ಪ್ರತಿಕಾಯವನ್ನ ಹಿಡಿಯೋ, ಮೇಕೇಲಿ ತಯಾರಾದ ಪ್ರತಿಕಾಯ ಅದು. 'ರ‍್ಯಾಬಿಟ್ ಆಂಟಿ-ಗೋಟ್' ಅದರ ಉಲ್ಟಾ; ಅದನ್ನ ಹಾಕಿದ್ರೆ ಪ್ರಯೋಗದಲ್ಲಿ ಏನೂ ಕಾಣಲ್ಲ. ಇಂಗ್ಲಿಷ್ ನಾಮಪದಗಳನ್ನ ಹೀಗೆ ರೈಲು ಬೋಗಿ ಥರ ಜೋಡಿಸತ್ತೆ, ಕೊಂಡಿಗಳನ್ನ ನಾವೇ ಊಹಿಸ್ಕೋಬೇಕು. ನಮ್ಮಲ್ಲೂ 'ಹಳೆ ಪುಸ್ತಕದ ಅಂಗಡಿ' ಅಂದ್ರೆ ಹಳೇದು ಪುಸ್ತಕವಾ ಅಂಗಡಿಯಾ? ಮಾತಾಡುವಾಗ ಎಲ್ಲಿ ನಿಲ್ಲಿಸ್ತೀವಿ ಅನ್ನೋದ್ರಿಂದ ತಿಳಿಯತ್ತೆ. ಡಚ್ಚರು ಬರವಣಿಗೇಲಿ ಪದಗಳನ್ನ ಕೂಡಿಸಿ ಬರೆದು ಇದನ್ನ ಬಗೆಹರಿಸ್ತಾರೆ. ಕೂಡಿಸದೆ ಬಿಡಿಬಿಡಿಯಾಗಿ ಬರೆಯೋ ಚಾಳಿಗೆ ಅವರು ಇಟ್ಟಿರೋ ಹೆಸರು 'ಇಂಗ್ಲಿಷ್ ಕಾಯಿಲೆ'. ಮಕ್ಕಳ ಮೂಳೆ ಮೆತ್ತಗಾಗೋ ರಿಕೆಟ್ಸ್ ರೋಗಕ್ಕೂ ಡಚ್ಚಿನಲ್ಲಿ ಅದೇ ಹೆಸರು!

ವಿಜ್ಞಾನಿಗಳಿಗೆ ಇದರ ಬೆಲೆ ಎಷ್ಟು ಅಂತ ಅಳೆದವರೂ ಇದ್ದಾರೆ. ತತ್ಸುಯಾ ಅಮಾನೊ ಮತ್ತು ಸಂಗಡಿಗರು 2023ರಲ್ಲಿ 8 ದೇಶಗಳ 908 ಪರಿಸರ ವಿಜ್ಞಾನಿಗಳನ್ನ ಸಮೀಕ್ಷೆ ಮಾಡಿದ್ರು. ಇಂಗ್ಲಿಷ್ ಮಾತೃಭಾಷೆ ಅಲ್ಲದವರ ಲೇಖನಗಳು ಭಾಷೆಯ ಕಾರಣಕ್ಕೆ ತಿರಸ್ಕಾರ ಆಗೋದು ಸುಮಾರು ಎರಡೂವರೆ ಪಟ್ಟು ಹೆಚ್ಚು. 'ಇಂಗ್ಲಿಷ್ ತಿದ್ದಿ ತನ್ನಿ' ಅಂತ ವಾಪಸ್ ಬರೋದು 12 ಪಟ್ಟಿಗೂ ಹೆಚ್ಚು. ಇದರಲ್ಲಿ ಎರಡು ಥರದ ತಪ್ಪನ್ನ ಬೇರೆ ಮಾಡಬೇಕು ಅಂತ ನಾನು ವಾದ ಮಾಡ್ತೀನಿ. 'ಇನ್‌ಕ್ರೀಸ್ಡ್ ಟು' ಬದಲು 'ಬೈ' ಬಂದ್ರೆ ಫಲಿತಾಂಶವೇ ಬದಲಾಗತ್ತೆ, ಅದನ್ನ ತಿದ್ದಲೇಬೇಕು. 'ಡಿಸ್ಕಸ್ಡ್ ಅಬೌಟ್' ಅಂತ ಬರೆದ್ರೆ ಯಾರಿಗೂ ಏನೂ ತಪ್ಪು ತಿಳಿಯಲ್ಲ. ಎರಡನ್ನೂ ಒಂದೇ ಕೆಂಪು ಪೆನ್ನಲ್ಲಿ ಗೀಚೋ ವಿಮರ್ಶಕರು ವಿಜ್ಞಾನವನ್ನ ಓದ್ತಿಲ್ಲ.

ಮುಂದಿನ ಸಂಚಿಕೇಲಿ ಮತ್ತೆ ಬ್ಯಾಕ್ಟೀರಿಯಾಗೆ ಹೋಗೋಣ. ಅಷ್ಟರಲ್ಲಿ ನಿಮ್ಮ ಮನೆ ಮಕ್ಕಳು ಕನ್ನಡದ 'ಗೆ'ಯನ್ನ ಇಂಗ್ಲಿಷಿಗೋ, ಜರ್ಮನ್ನಿಗೋ, ಅರಬ್ಬಿಗೋ ಹೊತ್ತುಕೊಂಡು ಹೋದ ಉದಾಹರಣೆ ಇದ್ರೆ ಕಳಿಸಿ. ವಯಸ್ಸು ಎಷ್ಟು ಅಂತಲೂ ಬರೀರಿ.